ಮುಳ್ಳು ತೆಗೆಯಲು ರೊಕ್ಕ ಯಾರು ಕೊಡುತ್ತಾರೆ?

ಹೋದ ಭಾನುವಾರ ಬೆಳಿಗ್ಗೆ ಬಾಗಲಕೋಟೆಯ ನವನಗರದಿಂದ ಹಿನ್ನೀರಿನ ದಂಡೆಗೆ ಸೈಕಲ್ ತೊಗೊಂಡು ಹೋಗಿದ್ದೆ. ಬರುವಾಗ ಎರಡೂ ಗಾಲಿ ಪಂಕ್ಚರ್. ಮೂರು ಕಿಲೋಮೀಟರ್ ನೂಕಿಕೊಂಡು ಬಂದೆ. ಅಂಗಡಿ ಹುಡುಗ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಣಿಸುತ್ತಾ, "ಜಾಲಿ ಮುಳ್ಳರೀ ಸರ, ಒಂದಲ್ಲ, ಐದು ಅದಾವ. ಆ ಕಡೆ ಯಾಕ ಹೋಗ್ತೀರಿ?" ಎಂದ.

ಯಾಕೆ ಹೋಗುತ್ತೇನೆ ಅಂದರೆ, ಊರಿನಲ್ಲಿ ಅಷ್ಟು ತಂಪಾದ ಜಾಗ ಬೇರೆ ಇಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗ ಘಟಪ್ರಭೆ ಹೊಳೆಯ ಹಾಗೆ ಕಾಣುವುದೇ ಇಲ್ಲ, ಸಮುದ್ರದ ಹಾಗೆ ಹರಡಿಕೊಳ್ಳುತ್ತದೆ, ಹಳೆ ಊರಿನ ಎಷ್ಟೋ ಓಣಿಗಳು ಅದರ ಕೆಳಗಿವೆ. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಜನ ಅಲ್ಲಿ ಈಗಾಗಲೇ ನಡೆದು ನಡೆದು ಒಂದು ಕಾಲುದಾರಿ ಮಾಡಿದ್ದಾರೆ. ಅದನ್ನೇ ಸರಿ ಮಾಡಿದರೆ ಸಾಕು.

ಆದರೆ ದಾರಿ ಅಂದಕೂಡಲೇ ನಮ್ಮವರಿಗೆ ನೆನಪಾಗುವುದು ಪೇವರ್ಸ್, ಬಣ್ಣದ ಲೈಟು, ಒಂದು ಕಮಾನು. ಎರೆಮಣ್ಣಿನ ಮೇಲೆ ಪೇವರ್ಸ್ ಹಾಕಿ ನೋಡಿ! ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಎರಡು ವರ್ಷಕ್ಕೆ ಕಲ್ಲುಗಳು ಒಂದು ಮೇಲೆ ಒಂದು ಕೆಳಗೆ. ಅದರ ಬದಲು ಅಡಿಯಲ್ಲಿ ಕಲ್ಲಿನ ಸೋಲಿಂಗ್, ಅಂದರೆ ದಪ್ಪ ಕಲ್ಲಿನ ಪದರ, ಅದರ ಮೇಲೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಹಾಕಿ ರೋಲರ್ ಓಡಿಸಿ, ನಡು ಸ್ವಲ್ಪ ಉಬ್ಬಿಸಿ ನೀರು ಎರಡೂ ಬದಿ ಹರಿದುಹೋಗುವ ಹಾಗೆ ಮಾಡುವುದು ಒಳ್ಳೆಯದು. ಮೊಣಕಾಲಿಗೂ ಹಿತ. ಸುಮ್ನೆ ಲೆಕ್ಕ ಹಾಕಿದೆ: 4 ಕಿ.ಮೀ. ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಅಂದರೆ 1,800 ಘನ ಮೀಟರ್ ಗರಸು. ಒಂದು ಟಿಪ್ಪರಿಗೆ 6 ಘನ ಮೀಟರ್ ಹಿಡಿದರೆ 300 ಟಿಪ್ಪರ್. ಇದೇನು ಆಗದ ಕೆಲಸವಲ್ಲ.

ಇನ್ನೊಂದು ಮಾತು. ಈಗ ಜಲಾಶಯದಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ 524.256 ಮೀಟರಿಗೆ ಒಪ್ಪಿದೆ. ಗೇಟ್ ಎತ್ತರಿಸುವುದು ಯಾವಾಗಲೋ, ಆದರೆ ಆದ ದಿನ ನೀರು ನಾಲ್ಕೂವರೆ ಮೀಟರಿಗಿಂತ ಜಾಸ್ತಿ ಮೇಲೆ ಬರುತ್ತದೆ. ಹಾಗಾಗಿ ನೀರಿಗೆ ಅಂಟಿಕೊಂಡು ಚಂದ ಕಾಣುತ್ತದೆ ಅಂತ ಕೆಳಗೆ ದಾರಿ ಮಾಡಬಾರದು. ಒಂದು ಸಲ ಮುಳುಗಿ ಎದ್ದ ಊರು ನಮ್ಮದು, ದಾರಿಯನ್ನೂ ಮುಳುಗಿಸೋದು ಬೇಡ.

ರೊಕ್ಕದ ವಿಷಯ. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಗರಸು ಹಾಕಿಸಲು ಅಲ್ಲಿಂದ ಕೇಳಬಹುದು, ಬಾಳಿಕೆ ಬರುವ ಆಸ್ತಿ ಕಟ್ಟುವುದಕ್ಕೇ ಆ ನಿಧಿ. ತೊಂದರೆ ಇರುವುದು ಆಮೇಲೆ. ಬಳ್ಳಾರಿ ಜಾಲಿಯನ್ನು ಕಡಿದರೆ ಸಾಲದು, ಬುಡದಿಂದ ಮತ್ತೆ ಚಿಗುರುತ್ತದೆ, ಕುರಿ ಆಡು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತಾ ಹೋಗುತ್ತವೆ. ಬೇರು ಸಮೇತ ಕೀಳಬೇಕು, ವರ್ಷಕ್ಕೆರಡು ಸಲ ನೋಡಬೇಕು, ಕೊಚ್ಚಿಹೋದ ಗರಸು ತುಂಬಬೇಕು. ಇದಕ್ಕೆ ಉದ್ಘಾಟನೆ ಇಲ್ಲ, ಅದಕ್ಕೇ ರೊಕ್ಕವೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ, ಸಕ್ಕರೆ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಅದರಲ್ಲೂ ಸುತ್ತಲಿನ ಊರಿಗೆ ಆದ್ಯತೆ ಕೊಡಬೇಕು. ಅವರನ್ನು ಬೆಂಚು ಕೇಳಬೇಡಿ, ಬೆಂಚಿನ ಮೇಲೆ ಹೆಸರು ಬರೆಸಿ ಸುಮ್ಮನಾಗುತ್ತಾರೆ. ಇಬ್ಬರು ಕೆಲಸಗಾರರ ಐದು ವರ್ಷದ ಪಗಾರ ಕೇಳಿ. ಉಳಿದದ್ದಕ್ಕೆ ನಾವೇ ಪಟ್ಟಿ ಎತ್ತೋಣ, ಅಂದರೆ ವಂತಿಗೆ ಕೂಡಿಸೋಣ. ಹೋಳಿ ಹಬ್ಬಕ್ಕೆ ಪಟ್ಟಿ ಎತ್ತಿ ಬಂಡಿಗಟ್ಟಲೆ ಬಣ್ಣ ಎರಚುವ ಊರಿಗೆ ಅದೇನು ಹೊಸದಲ್ಲ, ಅಲ್ವಾ?

ಮೊದಲ 500 ರೂಪಾಯಿ ನನ್ನದು. ಎರಡು ಟ್ಯೂಬಿಗೆ ಹೋದ ರೊಕ್ಕ ಬೇರೆ.