“ಏನೂ ಆಗಲ್ಲ ಅಲ್ವಾ?” ಅಂತ ಮಾತ್ರ ಕೇಳಬೇಡಿ

ಪ್ರಶ್ನೆ ಹೀಗಿರುತ್ತದೆ: “ಸಾರ್, ನಮ್ದು ಹಳೇ ವಿಂಡೋಸ್ 7. ಮೈಕ್ರೋಸಾಫ್ಟ್‌ನೋರು ಅಪ್‌ಡೇಟ್ ನಿಲ್ಸಿದಾರೆ. ಆದ್ರೆ ನೆಟ್‌ನಲ್ಲಿ ಯಾರೋ ಈಗಲೂ ಸೆಕ್ಯೂರಿಟಿ ಅಪ್‌ಡೇಟ್ ಕೊಡ್ತಾ ಇದಾರಂತೆ. ಹಾಕಬಹುದಾ? ಏನೂ ಆಗಲ್ಲ ಅಲ್ವಾ?”

ಕೆಲವರದು ಅದಕ್ಕಿಂತ ಹಳೇ ವಿಂಡೋಸ್ ಎಕ್ಸ್‌ಪಿ. ಈಗೀಗ ವಿಂಡೋಸ್ 10. ಪ್ರಶ್ನೆ ಮಾತ್ರ ಅದೇ. ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಅಂಗಡಿಯಲ್ಲಿ ಕೇಳಲಿ, ಬೇಜಾರಿಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕೇಳುತ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳಿದ್ದಾರೆ. ಆಗ ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಬರೆದು ಬಿಸಾಕುತ್ತಿದ್ದೇನೆ.

ಚಿಕ್ಕ ಉತ್ತರ: ಆ ಅಪ್‌ಡೇಟ್ ಮಾಡಿದವರು ಯಾರು ಅಂತ ನಿಮಗೆ ಹೇಳಲು ಬರದಿದ್ದರೆ ಬೇಡ. ಹೇಳಲು ಬಂದರೆ ಯೋಚನೆ ಮಾಡಬಹುದು. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರು ಕೇಳಿ. ನನಗೆ ಸಿಟ್ಟು ಬರುವುದು ಆ “ಏನೂ ಆಗಲ್ಲ ಅಲ್ವಾ” ಕೇಳಿದಾಗ. ಹಾಕುವುದು ಅಂತ ಮನಸ್ಸಿನಲ್ಲಿ ಆಗಲೇ ತೀರ್ಮಾನ ಆಗಿರುತ್ತದೆ. ನಾನು ಹೂಂ ಅನ್ನಬೇಕು, ಅಷ್ಟೇ. ನಾಳೆ ಮಷೀನ್ ಮಲಗಿದರೆ “ಅವ್ರೇ ಹೇಳಿದ್ರು” ಅನ್ನಲು ಒಬ್ಬ ಬೇಕಲ್ಲ.

ಇನ್ನೂ ಒಂದಿದೆ. ಇಷ್ಟು ಹುಷಾರಾಗಿ ಕೇಳುವವರ ಮಷೀನ್ ಆನ್ ಮಾಡಿ ನೋಡಿದರೆ, ವಿಂಡೋಸೇ ಕಳ್ಳಮಾಲು. ದುಡ್ಡು ಕೊಡದೆ ವಿಂಡೋಸ್ ಓಡಿಸುವ ಯಾವುದೋ ಆಕ್ಟಿವೇಟರ್ ಹಾಕಿ ನಿಲ್ಲಿಸಿದ್ದು. “ಮೊದಲು ಆಂಟಿವೈರಸ್ ಆಫ್ ಮಾಡಿ” ಅಂತ ವಿಡಿಯೋದವನು ಹೇಳಿದ, ಇವರು ಮಾಡಿದರು. “ರನ್ ಆಸ್ ಅಡ್ಮಿನಿಸ್ಟ್ರೇಟರ್ ಒತ್ತಿ” ಅಂದ, ಒತ್ತಿದರು. 2021ರ ಕೊನೆಯಲ್ಲಿ ಕೆಎಂಎಸ್‌ಪಿಕೋ ಅನ್ನುವ ಇಂಥದ್ದೇ ಆಕ್ಟಿವೇಟರ್ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳ ಜೊತೆ ಕ್ರಿಪ್ಟ್‌ಬಾಟ್ ಅನ್ನುವುದು ಸೇರಿಕೊಂಡು ಬರುತ್ತಿದೆ ಅಂತ ರೆಡ್ ಕ್ಯಾನರಿ ಎಂಬ ಸೆಕ್ಯೂರಿಟಿ ಕಂಪನಿ ಎಚ್ಚರಿಸಿತ್ತು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವುದು ಅದರ ಕಸುಬು. ಅಂಥದ್ದನ್ನೆಲ್ಲ ಒಳಗೆ ಬಿಟ್ಟುಕೊಂಡವರು ಅಪ್‌ಡೇಟ್ ನಂಬಬಹುದಾ ಅಂತ ನನ್ನನ್ನು ಕೇಳುತ್ತಾರೆ. ರಸ್ತೆ ಬದಿ ಎರಡು ಪ್ಲೇಟ್ ಪಾನಿಪೂರಿ ತಿಂದು, ಆಮೇಲೆ ಹೋಟೆಲಿಗೆ ಬಂದು “ಇದು ಫಿಲ್ಟರ್ ನೀರಾ?” ಅಂದ ಹಾಗೆ.

ಇರಲಿ. ವಿಷಯಕ್ಕೆ ಬರೋಣ. ಜನ ‘ಅನಧಿಕೃತ ಅಪ್‌ಡೇಟ್’ ಅಂತ ಎಲ್ಲವನ್ನೂ ಒಂದೇ ಮೂಟೆ ಕಟ್ಟುತ್ತಾರೆ. ಒಳಗಿರುವ ಸಾಮಾನು ಬೇರೆ ಬೇರೆ.

ಎಕ್ಸ್‌ಪಿಯ ಕತೆ ನೋಡಿ. 2014ರ ಏಪ್ರಿಲ್ 8ಕ್ಕೆ ಅದಕ್ಕೆ ಅಪ್‌ಡೇಟ್ ನಿಂತಿತು. ಆದರೆ ಅಂಗಡಿಗಳ ಬಿಲ್ಲಿಂಗ್ ಮಷೀನ್‌ಗಳಿಗೆ ಅಂತ ಮಾಡಿದ ಪಿಓಎಸ್‌ರೆಡಿ 2009 ಅಂತ ಒಂದು ವಿಂಡೋಸ್ ಇತ್ತು. ಹೆಚ್ಚುಕಡಿಮೆ ಅದೂ ಎಕ್ಸ್‌ಪಿಯೇ. ಅದಕ್ಕೆ 2019ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬಂತು. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಪುಟ್ಟ ಎಂಟ್ರಿ ಸೇರಿಸಿದರೆ ಸಾಕು, ಮಾಮೂಲಿ ಎಕ್ಸ್‌ಪಿ “ನಾನೂ ಬಿಲ್ಲಿಂಗ್ ಮಷೀನು” ಅಂತ ಸುಳ್ಳು ಹೇಳಿಕೊಂಡು ಅದೇ ಅಪ್‌ಡೇಟ್ ಇಳಿಸಿಕೊಳ್ಳುತ್ತಿತ್ತು. ಇದು ನಿಮಗೆ ಮಾಡಿದ್ದಲ್ಲ, ಪೂರ್ತಿ ರಕ್ಷಣೆ ಸಿಗಲ್ಲ, ಏನಾದರೂ ಕೆಡಬಹುದು ಅಂತ ಮೈಕ್ರೋಸಾಫ್ಟ್ ಆಗಲೇ ಹೇಳಿತ್ತು. ನಿಯಮದ ಪ್ರಕಾರ ಸರಿಯಾ ಅಂದರೆ ಅಲ್ಲ. ಆದರೆ ದಾರಿ ಅಡ್ಡದಾರಿಯಾದರೂ ಮಾಲು ಮೈಕ್ರೋಸಾಫ್ಟಿನದೇ, ಮಾಡಿದವರು ಯಾರು ಅಂತ ತೋರಿಸುವ ಡಿಜಿಟಲ್ ಸಹಿಯೂ ಅದರದ್ದೇ. ಪ್ರಿಂಟರ್ ಕೈಕೊಡಬಹುದು, ಪಾಸ್‌ವರ್ಡ್ ಕಳುವಾಗುವುದಿಲ್ಲ.

ಇನ್ನೊಂದು ಬಗೆ, ಮೂರನೆಯವರು ತಾವೇ ಕೋಡ್ ಬರೆದು ಕೊಡುವುದು. ಕೇಳಿದರೆ ಭಯ ಆಗುತ್ತದೆ. ಆದರೆ ನನಗೆ ಗೊತ್ತಿರುವ ಅತಿ ಚಂದದ ಉದಾಹರಣೆ ಇದರಲ್ಲೇ ಇದೆ. 2005ರ ಡಿಸೆಂಬರ್ ಕೊನೆ. ವಿಂಡೋಸ್‌ನಲ್ಲಿ ಡಬ್ಲ್ಯೂಎಂಎಫ್ ಅನ್ನುವ ಚಿತ್ರದ ಫೈಲಿಗೆ ಸಂಬಂಧಪಟ್ಟ ಒಂದು ತೂತು ಬಯಲಾಯಿತು. ಚಿತ್ರ ತೆರೆದರೆ ಸಾಕು, ಮಷೀನ್ ಬೇರೆಯವರ ಕೈಗೆ. ಮೈಕ್ರೋಸಾಫ್ಟ್ ಜನವರಿ 10ಕ್ಕೆ ಕೊಡುತ್ತೇವೆ ಅಂದಿತು. ಅಷ್ಟರೊಳಗೆ ಇಲ್ಫಾಕ್ ಗಿಲ್ಫಾನೋವ್ ಅನ್ನುವವರು ಆ ತೂತು ಮುಚ್ಚುವ ಒಂದು ಪ್ಯಾಚ್, ಅಂದರೆ ತೇಪೆ, ಬರೆದು ಹಾಕಿದರು. ಐಡಿಎ ಪ್ರೋ ಬರೆದವರು ಇವರೇ. ಸೆಕ್ಯೂರಿಟಿಯವರು ಬೇರೆಯವರ ಪ್ರೋಗ್ರಾಮನ್ನು ಬಿಚ್ಚಿ ನೋಡಲು ಬಳಸುವ ಸಾಧನ ಅದು. ಪ್ಯಾಚ್ ಜೊತೆಗೆ, ಒಳಗೆ ಏನಿದೆ ಅಂತ ಬೇರೆಯವರು ಓದಿ ನೋಡಬಹುದಾದ ಸೋರ್ಸ್ ಕೋಡನ್ನೂ ಕೊಟ್ಟರು. ಸೆಕ್ಯೂರಿಟಿ ಕಲಿಸುವ ಸ್ಯಾನ್ಸ್ ಸಂಸ್ಥೆಯ ಇಂಟರ್ನೆಟ್ ಸ್ಟಾರ್ಮ್ ಸೆಂಟರ್‌ನವರು ಅದನ್ನು ಪರೀಕ್ಷೆ ಮಾಡಿ, ಹಾಕಿಕೊಳ್ಳಿ ಅಂದರು. ಕೊನೆಗೆ ಮೈಕ್ರೋಸಾಫ್ಟ್ ಹೇಳಿದ ದಿನಕ್ಕಿಂತ ಮುಂಚೆ, ಜನವರಿ 5ಕ್ಕೇ ತನ್ನದನ್ನು ಬಿಟ್ಟಿತು. ಅಧಿಕೃತ ಪ್ಯಾಚ್ ಬಂದಮೇಲೆ ತನ್ನದನ್ನು ತೆಗೆದುಬಿಡಿ ಅಂತ ಗಿಲ್ಫಾನೋವರೇ ಹೇಳಿದ್ದರು. ನಿಮ್ಮ ಟೆಲಿಗ್ರಾಂ ಗ್ರೂಪಿನವನು ಯಾವತ್ತಾದರೂ “ನನ್ನದನ್ನು ತೆಗೆದುಬಿಡಿ” ಅಂದಿದ್ದಾನಾ?

ಈಗ ಈ ಕೆಲಸವನ್ನೇ ವ್ಯಾಪಾರ ಮಾಡಿಕೊಂಡವರು ಸ್ಲೊವೇನಿಯಾದ ಝೀರೋಪ್ಯಾಚ್‌ನವರು. ಇವರು ಡಿಸ್ಕಿನ ಮೇಲಿರುವ ಫೈಲ್ ಮುಟ್ಟುವುದಿಲ್ಲ. ಪ್ರೋಗ್ರಾಂ ಮೆಮೊರಿಯಲ್ಲಿ ಓಡುತ್ತಿರುವಾಗ ತೂತಿರುವ ಜಾಗದಲ್ಲಿ ನಾಲ್ಕಾರು ಸೂಚನೆ ಬದಲಿಸುತ್ತಾರೆ. ರೀಸ್ಟಾರ್ಟ್ ಬೇಡ. ಸರಿ ಹೋಗದಿದ್ದರೆ ಆಫ್ ಮಾಡಬಹುದು. 2020ರಲ್ಲಿ ವಿಂಡೋಸ್ 7 ನಿಂತಾಗ ಅದನ್ನು ಕೈಗೆತ್ತಿಕೊಂಡರು. 2024ರಲ್ಲಿ ವಿಂಡೋಸ್ 10 ವಿಷಯ ಹೇಳಿದಾಗ ಅವರ ರೇಟು ಮಷೀನಿಗೆ ವರ್ಷಕ್ಕೆ ಸುಮಾರು 25 ಯೂರೋ, ತೆರಿಗೆ ಬೇರೆ. ಪುಕ್ಕಟೆ ಅಲ್ಲ ಅನ್ನುವುದೇ ನನಗೆ ಸ್ವಲ್ಪ ಸಮಾಧಾನ. ಅವರ ಊಟ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದಲ್ಲ.

ನನ್ನ ಪರಿಚಯದ ಟ್ಯೂಷನ್ ಮೇಷ್ಟ್ರೊಬ್ಬರಿಗೆ ಇವರಿಂದಲೇ ಉಪಕಾರ ಆಯಿತು. ಹತ್ತನೇ ಕ್ಲಾಸಿನ ಗಣಿತದ ಪ್ರಶ್ನೆಪತ್ರಿಕೆಗಳನ್ನು ಮೇಷ್ಟ್ರು ವರ್ಡ್‌ನಲ್ಲಿ, ಸಮೀಕರಣ ಬರೆಯಲು ಅದರ ಜೊತೆಗೇ ಬರುತ್ತಿದ್ದ ಈಕ್ವೇಶನ್ ಎಡಿಟರ್ 3.0 ಇಟ್ಟುಕೊಂಡು ಮಾಡುತ್ತಿದ್ದರು. 2018ರ ಜನವರಿಯಲ್ಲಿ ಅಪ್‌ಡೇಟ್ ಬಂತು. ಆಮೇಲೆ ಹಳೇ ಸಮೀಕರಣದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ತೆರೆಯಲೇ ಇಲ್ಲ. ವೈರಸ್ ಅಂದುಕೊಂಡು ಓಡಿ ಬಂದರು. ಅಲ್ಲ ಮೇಷ್ಟ್ರೇ, ಅದು ಅಧಿಕೃತ. ಆ ಎಡಿಟರ್ 2000ನೇ ಇಸವಿಯದು, ಅದರಲ್ಲಿ ತೂತಿನ ಮೇಲೆ ತೂತು ಸಿಕ್ಕಿ, ಮೈಕ್ರೋಸಾಫ್ಟ್ ಅದನ್ನೇ ಕಿತ್ತು ಹಾಕಿತು. ಝೀರೋಪ್ಯಾಚ್‌ನವರು ಎಡಿಟರ್ ಉಳಿಸಿಕೊಂಡೇ ಆ ತೂತು ಮುಚ್ಚುವ ದಾರಿ ಕೊಟ್ಟಿದ್ದರು. ಹಾಕಿಕೊಟ್ಟೆ. ಇದರಲ್ಲಿ ತಮಾಷೆ ಏನೆಂದರೆ, ಅದಕ್ಕೂ ಎರಡು ತಿಂಗಳ ಮುಂಚೆ ಮೈಕ್ರೋಸಾಫ್ಟ್ ಒಂದು ತೂತು ಮುಚ್ಚಿತ್ತು. ಸೋರ್ಸ್ ಕೋಡಿನಿಂದ ಹೊಸದಾಗಿ ಕಟ್ಟಿದ್ದಲ್ಲ, ಸಿದ್ಧ ಫೈಲಿನೊಳಗೇ ಕೈ ಹಾಕಿ ತೇಪೆ ಹಾಕಿದ ಹಾಗಿದೆ ಅಂತ ಇದೇ ಝೀರೋಪ್ಯಾಚ್‌ನವರು ಬಿಚ್ಚಿ ತೋರಿಸಿದ್ದರು. ಅಧಿಕೃತದವರೂ ಸೂಜಿ ದಾರ ಹಿಡಿದು ಕೂರುತ್ತಾರೆ ಅಂತಾಯಿತು.

ಅಧಿಕೃತ ಅಂದಮಾತ್ರಕ್ಕೆ ಏನೂ ಆಗಲ್ಲ ಅನ್ನುವ ಭ್ರಮೆ ಇದ್ದರೆ 2024ರ ಜುಲೈ 19 ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯೂರಿಟಿ ಕಂಪನಿಯ ಒಂದು ಅಪ್‌ಡೇಟ್, ಪೂರ್ತಿ ಅಧಿಕೃತ, ದುಡ್ಡು ಕೊಟ್ಟು ಪಡೆದದ್ದು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ 85 ಲಕ್ಷ ವಿಂಡೋಸ್ ಮಷೀನ್ ನೀಲಿ ಪರದೆ ತೋರಿಸಿ ಮಲಗಿದವು. ವಿಮಾನಗಳೂ ನಿಂತವು.

ಹಾಗಂತ “ಅವನು ವರ್ಷಗಟ್ಟಲೆ ಕೊಡ್ತಾ ಇದಾನೆ ಸಾರ್, ಒಳ್ಳೆ ಹುಡುಗ” ಅನ್ನುವ ವಾದವೂ ನನ್ನ ಹತ್ತಿರ ನಡೆಯಲ್ಲ. ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಲೋಕದಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಅನ್ನುವ ಪುಟ್ಟ ಸಾಧನಕ್ಕೆ ಜಿಯಾ ಟಾನ್ ಹೆಸರಿನ ಒಬ್ಬ ಎರಡು ವರ್ಷಕ್ಕೂ ಜಾಸ್ತಿ ಕಾಲ ನಿಯತ್ತಾಗಿ ಕೆಲಸ ಮಾಡಿ ನಂಬಿಕೆ ಗಳಿಸಿದ. ಆಮೇಲೆ 2024ರಲ್ಲಿ ಅದರೊಳಗೆ ಕದ್ದು ನುಗ್ಗಲು ಒಂದು ಹಿಂಬಾಗಿಲು ಸೇರಿಸಿದ. ಸಿಕ್ಕಿಬಿದ್ದದ್ದು ಹೇಗೆ? ಆಂದ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರಿಗೆ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗಿದೆ ಅನ್ನಿಸಿತು. ಸುಮ್ನೆ ಬಿಡದೆ ಕೆದಕಿದರು. ಕೋಡ್ ಎಲ್ಲರಿಗೂ ಕಾಣುವಂತಿತ್ತು, ಹಾಗಾಗಿ ಕೆದಕಲು ಆಯಿತು. ಝಿಪ್ ಫೈಲಿನಲ್ಲಿ ಬಂದ ನಿಮ್ಮ ‘ಆಲ್ ಇನ್ ಒನ್ ಅಪ್‌ಡೇಟ್ ಪ್ಯಾಕ್’ ಅನ್ನು ಕೆದಕುವವರು ಯಾರು?

ಆ ಝಿಪ್ ಫೈಲಿನ ವಿಷಯಕ್ಕೇ ಬರುತ್ತೇನೆ. ನಮ್ಮೂರಿನ ಒಂದು ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಪಾಂಪ್ಲೆಟ್ಟು. ವಿಂಡೋಸ್ 7 ಮಷೀನ್, ಪುಟ ಜೋಡಿಸುವ ಹಳೇ ಪ್ರೋಗ್ರಾಂ ಪೇಜ್‌ಮೇಕರ್ 7, ನುಡಿಯ ಹಳೇ ಆಸ್ಕಿ ಫಾಂಟುಗಳು. ಲಿನಕ್ಸ್ ಹಾಕಿಸಿ ಅನ್ನುವ ಬುದ್ಧಿವಂತರು ಒಮ್ಮೆ ಆ ಪ್ರೆಸ್ಸಿಗೆ ಹೋಗಿ, ಅಲ್ಲಿರುವ ಪೇಜ್‌ಮೇಕರ್ ಫೈಲುಗಳನ್ನು ನೋಡಿ ಬಂದು ಮಾತಾಡಿ. ಮಾಲೀಕರ ಅಕ್ಕನ ಮಗ ಎಂಜಿನಿಯರಿಂಗ್ ಓದುವ ಹುಡುಗ. ಪೆನ್‌ಡ್ರೈವಿನಲ್ಲಿ ಒಂದು ಫೈಲ್ ತಂದಿದ್ದ. “ವಿಂಡೋಸ್ 7ಗೆ ಇವತ್ತಿನವರೆಗಿನ ಎಲ್ಲಾ ಅಪ್‌ಡೇಟ್ ಇದರಲ್ಲಿದೆ ಅಂಕಲ್.”

ಝಿಪ್ ಬಿಚ್ಚಿ, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದೆ. ಹೆಸರು ಕೆಬಿ ಅಂತ ಶುರುವಾಗಿ ಮುಂದೆ ನಂಬರ್, ಥೇಟ್ ಮೈಕ್ರೋಸಾಫ್ಟ್ ಶೈಲಿ. ಆದರೆ ಕೊನೆಯಲ್ಲಿ ಇಎಕ್ಸ್‌ಇ, ಅಂದರೆ ಒತ್ತಿದರೆ ನೇರ ಓಡುವ ಪ್ರೋಗ್ರಾಂ. ವಿಂಡೋಸ್ 7ರ ಅಪ್‌ಡೇಟ್ ಮೈಕ್ರೋಸಾಫ್ಟ್ ಕ್ಯಾಟಲಾಗಿನಿಂದ ಇಳಿಸಿದರೆ ಸಾಮಾನ್ಯವಾಗಿ ಎಂಎಸ್‌ಯು ಫೈಲ್ ಆಗಿರುತ್ತದೆ. ಡೀಟೇಲ್ಸ್ ಟ್ಯಾಬಿನಲ್ಲಿ ಕಂಪನಿ ಹೆಸರು ‘ಮೈಕ್ರೋಸಾಫ್ಟ್ ಕಾರ್ಪೊರೇಶನ್’. ಪಕ್ಕದಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಅಂತ ಒಂದು ಟ್ಯಾಬ್ ಇರಬೇಕಿತ್ತು. ಇರಲಿಲ್ಲ. ಅಂದರೆ ಈ ಫೈಲಿಗೆ ಯಾರೂ ಸಹಿ ಹಾಕಿಲ್ಲ.

“ಮೈಕ್ರೋಸಾಫ್ಟ್ ಅಂತ ಬರೆದಿದೆಯಲ್ಲ ಅಂಕಲ್” ಅಂದ ಹುಡುಗ.

“ನನ್ನ ಅಂಗಡಿ ಬೋರ್ಡಿನ ಮೇಲೆ ಹೆಚ್‌ಪಿ, ಡೆಲ್ ಅಂತ ಬರೆದಿದೆಯಪ್ಪ” ಅಂದೆ.

ಮಾಲೀಕರು ನಕ್ಕರು. ನಕ್ಕು, “ಆದ್ರೂ ಹಾಕ್ಬಿಡಿ ಸಾರ್, ಏನೂ ಆಗಲ್ಲ ಅಲ್ವಾ?” ಅಂದರು. ಅವತ್ತು ನನಗೆ ತಲೆ ಕೆಟ್ಟಿತು. ನಾನೇ ತಿರುಗಿ ಕೇಳಿದೆ: “ಅಣ್ಣಾ, ಈ ಮಷೀನಿಗೆ ನೆಟ್ ಯಾಕೆ?”

“ವಾಟ್ಸಾಪಲ್ಲಿ ಮ್ಯಾಟರ್ ಬರುತ್ತಲ್ಲ ಸಾರ್. ಜಿಎಸ್‌ಟೀನೂ ಇದರಲ್ಲೇ. ಬ್ಯಾಂಕೂ ಇದರಲ್ಲೇ.”

ನೋಡಿ, ಯಾರೂ ನನ್ನನ್ನು ಕೇಳದ ಪ್ರಶ್ನೆ ಇಲ್ಲಿದೆ. ಈ ಮಷೀನ್ ಏನೇನನ್ನು ಮುಟ್ಟುತ್ತದೆ? ಅದು ನಾಳೆ ಬೇರೆಯವರ ಕೈಗೆ ಹೋದರೆ ನನ್ನದು ಏನೇನು ಹೋಗುತ್ತದೆ? ಇದನ್ನು ಕೇಳಿದವರಿಗೆ ನಾನು ಟೀ ತರಿಸಿ ಉತ್ತರ ಹೇಳುತ್ತೇನೆ. ಪೇಜ್‌ಮೇಕರಿಗೆ ನೆಟ್ ಬೇಡ. ನುಡಿಗೆ ಬೇಡ. ಬೇಕಾಗಿರುವುದು ವಾಟ್ಸಾಪಿಗೆ, ಜಿಎಸ್‌ಟಿಗೆ, ಬ್ಯಾಂಕಿಗೆ. ಆ ಮೂರಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ವಿಂಡೋಸ್ 7ರಲ್ಲಿ ಎಂಥ ಪ್ಯಾಚ್ ಹಾಕಿದರೂ ಬ್ರೌಸರ್ ಹಳೆಯದೇ. ಕ್ರೋಮ್ ಅದಕ್ಕೆ 109ಕ್ಕೇ ನಿಂತಿತು, 2023ರಲ್ಲಿ. ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವುದು ಅದರೊಳಗೇ ತಾನೇ?

ಹಳೇ ಮಷೀನಿನ ನೆಟ್ ಕೇಬಲ್ ಕಿತ್ತರೆ ಮುಗಿಯಿತಾ? ಇಲ್ಲ. ಪ್ರೆಸ್ಸಿಗೆ ಬರುವ ಗಿರಾಕಿಗಳೆಲ್ಲ ಪೆನ್‌ಡ್ರೈವ್ ಹಿಡಿದೇ ಬರುತ್ತಾರೆ. ಶಾರ್ಟ್‌ಕಟ್ ವೈರಸ್ ಗೊತ್ತಿಲ್ಲದ ಡಿಟಿಪಿಯವರು ಯಾರಿದ್ದಾರೆ? ಫೋಲ್ಡರ್‌ಗಳೆಲ್ಲ ಮಾಯ, ಅದೇ ಹೆಸರಿನ ಶಾರ್ಟ್‌ಕಟ್‌ಗಳು. ಅವಸರದಲ್ಲಿ ಒಂದರ ಮೇಲೆ ಕ್ಲಿಕ್ ಮಾಡಿದರೆ ಈ ಮಷೀನಿಗೂ ಬಂತು. ಕೈಯಾರೆ ಕ್ಲಿಕ್ ಮಾಡಿ ಒಳಗೆ ಕರೆದದ್ದನ್ನು ಯಾವ ಪ್ಯಾಚೂ ತಡೆಯಲ್ಲ, ಅಧಿಕೃತವಾಗಲಿ ಅನಧಿಕೃತವಾಗಲಿ. ಗಿರಾಕಿಯ ಪೆನ್‌ಡ್ರೈವ್ ಮೊದಲು ಹೊಸ ಲ್ಯಾಪ್‌ಟಾಪಿಗೆ ಹಾಕಿ ಸ್ಕ್ಯಾನ್ ಮಾಡಿ. ಅಲ್ಲಿಂದ ಹಳೇ ಮಷೀನಿಗೆ ಪ್ರೆಸ್ಸಿನದೇ ಒಂದು ಪೆನ್‌ಡ್ರೈವ್. ಪೆನ್‌ಡ್ರೈವ್ ಹಾಕಿದ ಕೂಡಲೇ ತಾನಾಗಿ ಓಡಿಸುವ ಆಟೋರನ್ ಆಫ್. ಫಾಂಟು, ಹಳೇ ಫೈಲು, ಪೇಜ್‌ಮೇಕರ್ ಸಿಡಿ ಎಲ್ಲದರ ಕಾಪಿ ಮನೆಯಲ್ಲಿರುವ ಹಾರ್ಡ್‌ಡಿಸ್ಕಿನಲ್ಲಿ. ಅಷ್ಟು ಮಾಡಿದ ಮೇಲೆ ಆ ಹುಡುಗನ ಫೈಲ್ ಬೇಕಾ ಅಂತ ಮಾಲೀಕರನ್ನೇ ಕೇಳಿದೆ. ಬೇಡ ಅಂದರು. ಹುಡುಗನಿಗೆ ಸ್ವಲ್ಪ ಬೇಜಾರಾಯಿತು.

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ವಾನ್ನಾಕ್ರೈ ವೈರಸ್ಸಿನ ಹೆಸರು ಹೇಳಿ ನನ್ನನ್ನು ಹೆದರಿಸಲು ಬರುವವರಿಗೂ ಒಂದು ಮಾತು. 2017ರ ಮೇ 12ಕ್ಕೆ ಅದು ಹಬ್ಬಿತು. ಅದು ನುಗ್ಗಿದ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಅಧಿಕೃತ, ಪುಕ್ಕಟೆ. ಏಟು ತಿಂದವರಲ್ಲಿ ಎಕ್ಸ್‌ಪಿಯವರು ತೀರಾ ಕಡಿಮೆ. ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಲೆಕ್ಕದಲ್ಲಿ 98 ಪರ್ಸೆಂಟ್ ವಿಂಡೋಸ್ 7, ಆಗ ಇನ್ನೂ ಅಪ್‌ಡೇಟ್ ಬರುತ್ತಿದ್ದ ವಿಂಡೋಸ್. ಮನೆ ಬಾಗಿಲಿಗೆ ಬಂದದ್ದನ್ನು “ರಿಮೈಂಡ್ ಮೀ ಲೇಟರ್” ಒತ್ತಿ ಕಳಿಸಿದವರೇ ಜಾಸ್ತಿ.

ಅದೇ ಈಗ ಮತ್ತೆ ನಡೆಯುತ್ತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. ಆದರೆ ಮನೆಯಲ್ಲಿ ಬಳಸುವವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತೇವೆ ಅಂತ ಮೈಕ್ರೋಸಾಫ್ಟೇ ಹೇಳಿದೆ. 30 ಡಾಲರ್ ಕಟ್ಟಬಹುದು, 1000 ರಿವಾರ್ಡ್ಸ್ ಪಾಯಿಂಟ್ ಕೊಡಬಹುದು. ಎರಡೂ ಬೇಡ ಅಂದರೆ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಪುಕ್ಕಟೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆಗೆಯಿರಿ, ‘ಎನ್‌ರೋಲ್’ ಅಂತ ಇರುತ್ತದೆ. ಕಾಣದಿದ್ದರೆ ನಿಮ್ಮದು 22ಹೆಚ್2 ವರ್ಷನ್ ಹೌದಾ ನೋಡಿ, ಅಲ್ಲದಿದ್ದರೆ ಮೊದಲು ಅದಕ್ಕೆ ಬನ್ನಿ. ಇದನ್ನು ಮಾಡದೆ ಟೆಲಿಗ್ರಾಂ ಲಿಂಕ್ ತೋರಿಸಿ “ಇದು ಒರಿಜಿನಲ್ಲಾ ಸಾರ್?” ಅಂದರೆ ನಾನು ಇನ್ನು ಮುಂದೆ ಚೆಕಿಂಗ್ ಚಾರ್ಜ್ ತಗೊಳ್ಳುತ್ತೇನೆ.

ಎನ್‌ರೋಲ್ ಒತ್ತಿಯೂ ಆಗದಿದ್ದರೆ ಮಷೀನ್ ತಗೊಂಡು ಅಂಗಡಿಗೆ ಬನ್ನಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಮರೆಯಬೇಡಿ. ಅರ್ಧಕ್ಕರ್ಧ ಜನ ಮರೆತೇ ಬರುತ್ತಾರೆ.