ಗ್ಯಾದರಿಂಗಿಗೆ ಬರೆದ ನಗೆನಾಟಕ

ಬಾಗಲಕೋಟೆಯ ನಮ್ಮ ಕಾಲೇಜಿನಲ್ಲಿ ಮೊದಲ ಎರಡು ವರ್ಷ ನಾನು ಬೇರೆಯವರು ಬರೆದ ಮಾತುಗಳನ್ನು ಬಾಯಿಪಾಠ ಮಾಡಿ ಗ್ಯಾದರಿಂಗಿನ, ಅಂದರೆ ವಾರ್ಷಿಕೋತ್ಸವದ, ವೇದಿಕೆಯ ಮೇಲೆ ಆಡಿದೆ. ನಮ್ಮದೇ ಜಿಲ್ಲೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕದ ಒಂದು ದೃಶ್ಯದಲ್ಲಿ ಅಶ್ವತ್ಥಾಮನಾಗಿ ನಿಂತಾಗ ಆ ಉದ್ದುದ್ದ ಮಾತುಗಳು ಉಸಿರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಲಿಸಿದವು. ಕೊನೆಯ ವರ್ಷ ಗೆಳೆಯರು ಅರ್ಧ ಗಂಟೆಯ ನಗೆನಾಟಕವೊಂದನ್ನು ನೀನೇ ಬರೆ ಎಂದು ಹಟ ಹಿಡಿದರು. ಪಾತ್ರ ಮಾಡುವುದಕ್ಕಿಂತ ಪಾತ್ರಕ್ಕೆ ಮಾತು ಹುಡುಕುವುದರಲ್ಲಿ ನನಗೆ ಹೆಚ್ಚಿನ ಸುಖವಿದೆ ಎಂದು ತಿಳಿದದ್ದು ಆಗ.

ಬಾಗಲಕೋಟೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಮೇಲಿನ ವರ್ಷಗಳವು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಓಣಿ ಬಿಟ್ಟುಕೊಟ್ಟ ಜನ ನವನಗರದ ಸೆಕ್ಟರುಗಳಿಗೆ ಸಾಮಾನು ಸಾಗಿಸುತ್ತಿದ್ದರು. ಬೇವಿನ ಗಿಡ, ಊರ ಅಗಸಿಬಾಗಿಲು, ಗುಡಿಯ ಕಟ್ಟೆಗಳ ಗುರುತಿನ ಮೇಲೆ ಬದುಕಿದ್ದ ಅಜ್ಜನೊಬ್ಬ ಸೆಕ್ಟರು, ಪ್ಲಾಟುಗಳ ನಂಬರಿನ ನಡುವೆ ತನ್ನ ಮನೆ ಹುಡುಕುವುದೇ ನಾಟಕದ ವಸ್ತುವಾಯಿತು. ನೋವಿನ ವಸ್ತುವನ್ನು ನಗೆಗೆ ತರುವಾಗ ಆ ಅಜ್ಜನನ್ನು ನೋಡಿ ಯಾರೂ ನಗಬಾರದು, ಅವನ ಮಾತಿನ ಚುರುಕಿಗೆ ಮಾತ್ರ ನಗಬೇಕು ಎಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ.

ಅಂಚೆಯವನು ಮನೆಯ ನಂಬರು ಕೇಳಿದಾಗ ಅಜ್ಜ ಕೊಡುವ ಉತ್ತರವನ್ನು ಮೊದಲು ಹೀಗೆ ಬರೆದಿದ್ದೆ: “ಮನಿ ಇನ್ನೂ ಆಗಿಲ್ಲಪಾ, ಖರೆ ನಂಬರ ಬಂದೈತಿ.” ತಾಲೀಮಿನಲ್ಲಿ ಯಾರೂ ನಗಲಿಲ್ಲ. ರಾತ್ರಿ ಕೋಣೆಯಲ್ಲಿ ಅಡ್ಡಾಡುತ್ತ ಅದನ್ನೇ ಹತ್ತಾರು ಬಗೆಯಲ್ಲಿ ಜೋರಾಗಿ ಹೇಳಿಕೊಂಡ ಮೇಲೆ ತಪ್ಪು ಸಿಕ್ಕಿತು. ನಗೆಯೆಲ್ಲ ‘ಮನಿ’ ಎಂಬ ಪದದಲ್ಲಿತ್ತು, ಅದು ಮೊದಲೇ ಸೋರಿಹೋಗುತ್ತಿತ್ತು. ಬರಹದ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂಡುವುದು ರೂಢಿ, ಆದರೆ ನಮ್ಮ ಭಾಗದ ಆಡುಮಾತು ಬೇಕಾದ ಪದವನ್ನು ತುದಿಯವರೆಗೂ ತಡೆದು ಹಿಡಿಯಬಲ್ಲದು. ಹೀಗೆ ತಿದ್ದಿದೆ: “ನಂಬರ ಬಂದೈತಿ ತಮ್ಮಾ. ಇನ್ನ ಬರಬೇಕಾದ್ದು ಮನೀನ.” ‘ತಮ್ಮಾ’ ಎಂದಾದ ಮೇಲೆ ಅಜ್ಜ ಕೈಯಲ್ಲಿನ ಚೀಟಿಯನ್ನು ಮಡಚುವಷ್ಟು ಹೊತ್ತು ಸುಮ್ಮನಿರಬೇಕೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಒಂದು ಸಾಲು ಕೈಗೆ ಹತ್ತಿದ ಆ ಖುಷಿಯಲ್ಲಿ ಬೆಳಗಿನವರೆಗೆ ನಿದ್ದೆ ಬರಲಿಲ್ಲ.

ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತ ಕೇಳಿದ್ದಕ್ಕೆ ದೂತಿ ಸ್ಥಳದಲ್ಲೇ ಹೊಳೆದಂತೆ ತಿರುಗೇಟು ಕೊಡುವುದನ್ನೂ, ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ಹಾಸ್ಯನಟರು ಅಂದಿನ ಸುದ್ದಿಯನ್ನು ಮಾತಿಗೆ ಎಳೆದುಕೊಳ್ಳುವುದನ್ನೂ ಚಿಕ್ಕಂದಿನಿಂದ ಕಂಡಿದ್ದೆ. ಅವರ ಮಾತು ಅಷ್ಟು ಸಲೀಸಾಗಿ ಬರುವುದರ ಹಿಂದೆ ಎಷ್ಟು ಕಿವಿಗೊಡುವಿಕೆ ಇದೆ ಎಂಬುದು ಬರೆಯಲು ಕೂತ ಮೇಲೆಯೇ ಅರಿವಾಯಿತು. ನಾನೂ ಬಸ್ ನಿಲ್ದಾಣದಲ್ಲಿ, ಚಹಾದ ಅಂಗಡಿಯಲ್ಲಿ, ಸಂತೆಯಲ್ಲಿ ಹಿರಿಯರು ಮಾತು ಮುಗಿಸುವ ರೀತಿಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ.

ಗ್ಯಾದರಿಂಗಿನ ರಾತ್ರಿ ಅಜ್ಜನ ಪಾತ್ರ ನನ್ನದೇ ಆಗಿತ್ತು. ಚೀಟಿ ಮಡಚಿ, ತಡೆದು, “ಮನೀನ” ಎಂದೆ. ನಗೆ ಹಿಂದಿನ ಸಾಲುಗಳಿಂದ ಎದ್ದು ಮುಂದಕ್ಕೆ ಬಂತು. ಅದು ತಗ್ಗುವ ಹೊತ್ತಿಗೆ, ಮಗನ ಜೊತೆ ನಾಟಕ ನೋಡಲು ಬಂದಿದ್ದ ಹಿರಿಯರೊಬ್ಬರು ಕೂತಲ್ಲಿಂದಲೇ, “ನಮ್ಮದೂ ಬಂದಿಲ್ಲ, ಬಂದ್ರ ಕೂಡೇ ಕಳಸೂನ ತಗೋ” ಎಂದು ಕೂಗಿದರು. ಇಡೀ ಪೆಂಡಾಲು ಇನ್ನೊಮ್ಮೆ ನಕ್ಕಿತು. ಪರದೆ ಬಿದ್ದೊಡನೆ ಬಣ್ಣ ತೊಳೆಯುವ ಮೊದಲೇ ನೋಟ್‌ಬುಕ್ಕು ತೆಗೆದು, ಆ ಮಾತನ್ನು ಅಂಚೆಯವನ ನಂತರ ಬರುವ ನೆರೆಮನೆಯವನ ಪಾತ್ರಕ್ಕೆ ಬರೆದಿಟ್ಟೆ.