ಗಂಡಿಲ್ಲದ ಹಲ್ಲಿಗೂ ಜೊತೆ ಬೇಕು

ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಮತ್ತು ಅದಕ್ಕೆ ತಾಗಿಕೊಂಡ ಮೆಕ್ಸಿಕೊದ ಒಣನೆಲದಲ್ಲಿ ಒಂದು ಹಲ್ಲಿ ಇದೆ. ಹೆಸರು ಆಸ್ಪಿಡೊಸೆಲಿಸ್ ಯೂನಿಪೇರೆನ್ಸ್, ವಿಪ್‌ಟೇಲ್ ಹಲ್ಲಿಗಳ ಗುಂಪಿನದು. ಈ ಜಾತಿಯಲ್ಲಿ ಗಂಡೇ ಇಲ್ಲ. ವೀರ್ಯದ ಹಂಗಿಲ್ಲದೆ ಮೊಟ್ಟೆ ಬೆಳೆಯುತ್ತದೆ, ಮರಿಗಳೂ ಎಲ್ಲಾ ಹೆಣ್ಣೇ. ಆದರೂ ಇವು ಒಂದರ ಬೆನ್ನ ಮೇಲೊಂದು ಹತ್ತಿ, ಬಾಲ ಸುತ್ತಿಕೊಂಡು, ಥೇಟ್ ಗಂಡು ಹೆಣ್ಣು ಕೂಡುವ ಹಾಗೆ ಕೂಡುತ್ತವೆ. ಯಾಕೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಅಮೆರಿಕದ ಜೀವವಿಜ್ಞಾನಿ ಡೇವಿಡ್ ಕ್ರೂಸ್. ಅಂಡಾಣು ಹೊರಬರುವ ಮುಂಚೆ ಹಲ್ಲಿಯ ರಕ್ತದಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನು ಜಾಸ್ತಿ ಇರುತ್ತದೆ. ಆಗ ಅದು ಹೆಣ್ಣಿನಂತೆ ಸುಮ್ನೆ ಕೆಳಗೆ ನಿಲ್ಲುತ್ತದೆ. ಅಂಡಾಣು ಹೊರಬಂದ ಮೇಲೆ ಈಸ್ಟ್ರೋಜನ್ ಇಳಿದು ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನು ಏರುತ್ತದೆ, ಆಗ ಅದೇ ಹಲ್ಲಿ ಇನ್ನೊಂದರ ಮೇಲೆ ಹತ್ತುತ್ತದೆ! ಮಿದುಳಿನಲ್ಲೂ ಇದಕ್ಕೆ ಎರಡು ಬೇರೆ ಜಾಗಗಳಿವೆ. ಒಪ್ಪಿ ನಿಲ್ಲುವುದಕ್ಕೆ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನ ಒಂದು ಭಾಗ, ಮೇಲೆ ಹತ್ತುವುದಕ್ಕೆ ಅದರ ಮುಂದಿರುವ ಪ್ರಿಆಪ್ಟಿಕ್ ಅನ್ನೋ ಭಾಗ. ಸಾಮಾನ್ಯವಾಗಿ ಗಂಡುಗಳಲ್ಲಿ ಈ ಎರಡನೆಯ ಜಾಗವನ್ನು ಎಬ್ಬಿಸುವುದು ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್. ಇಲ್ಲಿ ಆ ಕೆಲಸವನ್ನು ಹೆಣ್ಣಿನದೇ ಪ್ರೊಜೆಸ್ಟರಾನ್ ವಹಿಸಿಕೊಂಡಿದೆ. ಒಂದೇ ತಲೆಯೊಳಗೆ ಎರಡೂ ದಾರಿ ಇದ್ದು, ಯಾವುದು ತೆರೆಯಬೇಕು ಅಂತ ಅಂಡಾಶಯ ಹೇಳುವುದು ನನಗೆ ಇವತ್ತಿಗೂ ಬೆರಗು.

ಸರಿ, ಆದರೆ ಮೊಟ್ಟೆಗೆ ಬೇಡವಾದ ಕೂಟ ಉಳಿದಿದ್ದೇಕೆ? ಇದಕ್ಕೆ ಗಂಡುಗಳಿರುವ ಇನ್ನೊಂದು ಹಲ್ಲಿಯನ್ನು ನೋಡಬೇಕು, ಅಮೆರಿಕದ ಆಗ್ನೇಯ ಭಾಗದ ಹಸಿರು ಅನೋಲ್. ಚಳಿಗಾಲ ಮುಗಿದಾಗ ಹೆಣ್ಣಿನ ಅಂಡಾಶಯ ಮತ್ತೆ ಬೆಳೆಯಲು ಬಿಸಿಲು ಮತ್ತು ಹಗಲಿನ ಉದ್ದ ಬೇಕು, ನಿಜ. ಅದರ ಜೊತೆಗೆ ಗಂಡು ಕತ್ತಿನ ಕೆಂಪು ಚರ್ಮ ಬಿಚ್ಚಿ ತಲೆಯಾಡಿಸುವುದನ್ನು ಕಂಡರೆ ಆ ಬೆಳವಣಿಗೆ ಚುರುಕಾಗುತ್ತದೆ, ಗಂಡುಗಳು ಬರೀ ಜಗಳವಾಡುತ್ತಿದ್ದರೆ ಕುಂಟುತ್ತದೆ. ಇದನ್ನು ತೋರಿಸಿಕೊಟ್ಟಿದ್ದು 1970ರ ದಶಕದಲ್ಲಿ, ಅದೂ ಕ್ರೂಸ್ ಅವರೇ.

ಅಂಡಾಶಯ ಬೆಳೆಯುವುದು ಹೀಗೆ: ಹೈಪೋಥಲಾಮಸ್‌ನಿಂದ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿಯಿಂದ ಅಂಡಾಶಯಕ್ಕೆ ಹಾರ್ಮೋನಿನ ಮೂಲಕ ಸುದ್ದಿ ಹೋಗುತ್ತದೆ. ಅಂಡಾಶಯ ಈಸ್ಟ್ರೋಜನ್ ಬಿಡುತ್ತದೆ. ಅದರ ಮಾತು ಕೇಳಿ ಯಕೃತ್ತು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನ್ ತಯಾರಿಸಿ ರಕ್ತದಲ್ಲಿ ಕಳಿಸುತ್ತದೆ. ಅನೋಲ್ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಒಮ್ಮೆ ಎಡ ಅಂಡಾಶಯದ್ದು, ಇನ್ನೊಮ್ಮೆ ಬಲದ್ದು. ಕೂಡಿದ ಮೇಲೆ ಮುಂದಿನ ಅಂಡಾಣು ಬಲಿಯುವ ತನಕ ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದಿಲ್ಲ.

ಅಂದರೆ ಗಂಡಿನ ವರ್ತನೆ ಹೆಣ್ಣಿಗೆ ಬರೀ ವೀರ್ಯ ತರುವ ದಾರಿಯಲ್ಲ, ಅವಳ ಮಿದುಳಿಗೆ ಒಂದು ಸೂಚನೆ ಕೂಡ ಹೌದು, ಅಲ್ವಾ? ವಿಪ್‌ಟೇಲ್‌ಗಳ ಪೂರ್ವಜರಲ್ಲಿ ಗಂಡುಗಳಿದ್ದವು. ಗಂಡು ಹೋದರೂ ಆ ಸೂಚನೆಗೆ ಸ್ಪಂದಿಸುವ ಮಿದುಳು ಹಾಗೇ ಉಳಿಯಿತು. ಪ್ರಯೋಗಗಳಲ್ಲಿ ಒಂಟಿಯಾಗಿ ಇಟ್ಟ ವಿಪ್‌ಟೇಲ್‌ಗಳು ಕಡಿಮೆ ಮೊಟ್ಟೆ ಇಟ್ಟವು, ಮೇಲೆ ಹತ್ತುವ ಜೊತೆಗಾತಿ ಸಿಕ್ಕವು ಜಾಸ್ತಿ ಇಟ್ಟವು.